ತಾಯಿ ‘ಬೇರೆಯವಳು’ ಆಗುವ ಮನೆಯಲ್ಲಿ ಮಕ್ಕಳನ್ನು ಮರೆಯಬೇಡಿ

ಸಕ್ಕರೆ ಕಾಯಿಲೆ, ಬಿ.ಪಿ., ಮೊಣಕಾಲು ನೋವಿನ ಬಗ್ಗೆ ನಮ್ಮ ಮನೆಗಳಲ್ಲಿ ಈಗ ಸಂಕೋಚವಿಲ್ಲ. ಮದುವೆ ಮನೆಯಲ್ಲೇ ಒಬ್ಬರ ಶುಗರ್ ಎಷ್ಟಿದೆಯೆಂದು ಇನ್ನೊಬ್ಬರು ವಿಚಾರಿಸುತ್ತಾರೆ. ಆದರೆ ಮಕ್ಕಳ ತಾಯಿಯೊಬ್ಬಳು ಒಮ್ಮೆಲೇ ಬೇರೆ ದನಿಯಲ್ಲಿ ಮಾತಾಡತೊಡಗಿದರೆ, ತನ್ನ ಹೆಸರೇ ಬೇರೆ ಎಂದರೆ, ತಾನು ಹೆತ್ತ ಕೂಸನ್ನೇ ನೋಡಿ ‘ಇದು ಯಾರ ಮಗು?’ ಎಂದು ಕೇಳಿದರೆ ಮನೆಯವರು ಮೊದಲು ಮಾಡುವ ಕೆಲಸ ಬಾಗಿಲು ಹಾಕುವುದು. ಎರಡನೆಯದು, ಗೊತ್ತಿರುವ ಆಮಿಲ್ ಒಬ್ಬರಿಗೆ ಫೋನ್ ಮಾಡುವುದು. ವೈದ್ಯರ ನೆನಪಾಗುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ.

ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಊರುಗಳಿಂದ ಇಂತಹ ದೂರು ಹೊತ್ತು ದವಾಖಾನೆಗೆ ಬರುವ ಕುಟುಂಬಗಳನ್ನು ನೋಡುವ ಯುನಾನಿ ವೈದ್ಯನಾಗಿ ಈ ತಿಂಗಳು ನಿಮ್ಮ ಮುಂದೆ ಒಂದು ಮಾತು ಇಡುತ್ತಿದ್ದೇನೆ. ಇಂತಹ ಮನೆಯಲ್ಲಿ ಎಲ್ಲರ ಕಣ್ಣು ತಾಯಿಯ ಮೇಲಿರುತ್ತದೆ. ಅವಳ ಮಕ್ಕಳತ್ತ ಯಾರೂ ನೋಡುವುದಿಲ್ಲ. ಚಿಕಿತ್ಸೆ ತಡವಾದಷ್ಟೂ ಅದರ ಬೆಲೆ ತೆರುವವರು ಆ ಮಕ್ಕಳು. ಆದ್ದರಿಂದ ತಾಯಿಯನ್ನು ವೈದ್ಯರ ಬಳಿ ಕರೆದೊಯ್ಯುವುದು, ಮಕ್ಕಳಿಗೆ ನಿಜ ಹೇಳುವುದು, ಈ ಎರಡೂ ಒಟ್ಟಿಗೇ ನಡೆಯಬೇಕು.

ಏನಿದು ಕಾಯಿಲೆ?

ಜನ ಇದನ್ನು ಬಹುವ್ಯಕ್ತಿತ್ವದ ಕಾಯಿಲೆ ಎನ್ನುತ್ತಾರೆ. ಮನೋವೈದ್ಯರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂದು ಕರೆಯುತ್ತಾರೆ. ಒಬ್ಬರೇ ವ್ಯಕ್ತಿಯಲ್ಲಿ ‘ನಾನು’ ಎಂಬ ಭಾವ ಒಂದಾಗಿ ಬೆಳೆಯದೆ ತುಂಡುತುಂಡಾಗಿ ಉಳಿದಿರುತ್ತದೆ. ಒಂದು ತುಂಡು ಮುಂದೆ ಬಂದಾಗ ಮಾತು, ನಡೆ, ವಯಸ್ಸಿನ ಭಾವನೆ, ಕೆಲವೊಮ್ಮೆ ಊಟದ ರುಚಿಯೂ ಬದಲಾಗುತ್ತದೆ. ಆ ಹೊತ್ತಿನಲ್ಲಿ ನಡೆದದ್ದು ಆಮೇಲೆ ನೆನಪಿರುವುದಿಲ್ಲ. ಬೆಳಿಗ್ಗೆ ಮಗನಿಗೆ ಹೊಡೆದ ತಾಯಿ ಮಧ್ಯಾಹ್ನ ಅವನ ತೋಳಿನ ಬಾಸುಂಡೆ ನೋಡಿ ‘ಯಾರು ಹೊಡೆದರು?’ ಎಂದು ಅಳುತ್ತಾಳೆ. ಮನೆಯವರಿಗೆ ಅದು ನಾಟಕವೆಂದು ತೋರುತ್ತದೆ. ಅದು ನಾಟಕವಲ್ಲ, ನಡೆದದ್ದು ಅವಳಿಗೆ ನಿಜವಾಗಿಯೂ ನೆನಪಿಲ್ಲ.

ಈ ಕಾಯಿಲೆಯ ಬೇರು ಬಹುಪಾಲು ರೋಗಿಗಳಲ್ಲಿ ಬಾಲ್ಯದಲ್ಲಿದೆ. ಸಣ್ಣ ವಯಸ್ಸಿನಲ್ಲಿ ಮೇಲಿಂದ ಮೇಲೆ ಹಿಂಸೆ, ಲೈಂಗಿಕ ದೌರ್ಜನ್ಯ, ಯಾರಿಗೂ ಹೇಳಲಾಗದ ಭಯ ಅನುಭವಿಸಿದ ಮಗು ‘ಇದು ಆಗುತ್ತಿರುವುದು ನನಗಲ್ಲ, ಬೇರೆ ಯಾರಿಗೋ’ ಎಂದು ಮನಸ್ಸನ್ನು ದೂರ ಸರಿಸಿ ಬದುಕುಳಿಯುತ್ತದೆ. ಅಂದು ಉಳಿಸಿದ ಆ ಉಪಾಯವೇ ದೊಡ್ಡವಳಾದ ಮೇಲೆ ಕಾಯಿಲೆಯಾಗುತ್ತದೆ.

ಅಮೆರಿಕದ ಕ್ರಿಸ್ ಸೈಜ್‌ಮೋರ್ ಎಂಬ ತಾಯಿಯ ಕಥೆಯನ್ನು ಆಧರಿಸಿ 1957ರಲ್ಲಿ ‘ದ ಥ್ರೀ ಫೇಸಸ್ ಆಫ್ ಈವ್’ ಎಂಬ ಪುಸ್ತಕ ಮತ್ತು ಸಿನೆಮಾ ಬಂದವು. ಸಿನೆಮಾದಲ್ಲಿ ಅವಳು ಕೊನೆಗೆ ಗುಣವಾಗುತ್ತಾಳೆ. ನಿಜ ಜೀವನದಲ್ಲಿ ಆಕೆ ಇನ್ನೂ ಅನೇಕ ವರ್ಷ ಚಿಕಿತ್ಸೆ ಪಡೆಯಬೇಕಾಯಿತು. ಇಬ್ಬರು ಮಕ್ಕಳನ್ನು ಬೆಳೆಸುತ್ತಲೇ ಗುಣಮುಖರಾಗಿ, 1977ರಲ್ಲಿ ತಮ್ಮ ನಿಜ ಹೆಸರಿನಲ್ಲೇ ಆತ್ಮಕಥೆ ಪ್ರಕಟಿಸಿ, ಮಾನಸಿಕ ರೋಗಿಗಳ ಪರವಾಗಿ ಊರೂರಿನಲ್ಲಿ ಮಾತನಾಡಿದರು. 2016ರಲ್ಲಿ ತೀರಿಕೊಂಡರು. ನಮ್ಮಲ್ಲಿ ಹೆಚ್ಚಿನವರು ಈ ಕಾಯಿಲೆಯನ್ನು ಕಂಡಿರುವುದು 2004ರ ‘ಆಪ್ತಮಿತ್ರ’ದಲ್ಲಿ. ಅಲ್ಲಿ ಒಂದೇ ರಾತ್ರಿಯ ಉಪಾಯದಿಂದ ನಾಗವಲ್ಲಿ ಬಿಟ್ಟುಹೋಗುತ್ತಾಳೆ. ಸಿನೆಮಾ ನೋಡಿ ಅಷ್ಟೇ ಬೇಗ ಗುಣವಾಗುತ್ತದೆಂದು ನಂಬಿದವರು ಎರಡನೇ ಭೇಟಿಗೇ ವೈದ್ಯರನ್ನು ಬಿಟ್ಟುಬಿಡುತ್ತಾರೆ.

ಪ್ರತಿ ದನಿ ಬದಲಾವಣೆಯೂ ಇದೇ ಅಲ್ಲ

ನಮ್ಮ ದೇಶದಲ್ಲಿ ಪೂರ್ಣ ರೂಪದ ಬಹುವ್ಯಕ್ತಿತ್ವ ಅಪರೂಪವಾಗಿ ದಾಖಲಾಗಿದೆ. 1989ರಲ್ಲಿ ಭಾರತದ ಮನೋವೈದ್ಯರು ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಈ ಬಗ್ಗೆ ಬರೆದಾಗ ವಿವರಿಸಿದ್ದು ಮೂರು ರೋಗಿಗಳನ್ನು ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಹತ್ತು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಗುಂಪಿನ ಕಾಯಿಲೆಗಳ ಸುಮಾರು 900 ರೋಗಿಗಳಿದ್ದರು. ಅವರಲ್ಲಿ ಹೆಚ್ಚಿನವರದ್ದು ಕೈಕಾಲಿನ ಬಲ ಹೋದಂತಾಗುವ, ಫಿಟ್ಸ್‌ನಂತೆ ಬೀಳುವ ತೊಂದರೆ. ನಮ್ಮ ಕಡೆ ಒಳಗಿನ ನೋವು ‘ಮೈಮೇಲೆ ಬರುವ’ ರೂಪದಲ್ಲೇ ಹೆಚ್ಚಾಗಿ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ, ತನ್ನ ಇಚ್ಛೆಯಿಲ್ಲದೆ ಮೈಮೇಲೆ ಬಂದು ಬದುಕನ್ನೇ ಕೆಡಿಸುವ ಈ ಸ್ಥಿತಿಗೆ ಬೇರೆಯೇ ಹೆಸರಿದೆ. ಹೆಸರು ಯಾವುದೇ ಇರಲಿ, ಮಕ್ಕಳು ಅನುಭವಿಸುವುದು ಒಂದೇ.

ಜೊತೆಗೆ, ಇದೇ ರೀತಿ ಕಾಣುವ ಬೇರೆ ಕಾಯಿಲೆಗಳಿವೆ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ನಿದ್ದೆಗೆಟ್ಟು, ಅಸಂಬದ್ಧವಾಗಿ ಮಾತಾಡಿ, ಮಗುವನ್ನು ದೂರ ತಳ್ಳುವ ಬಾಣಂತಿಗೆ ಬಾಣಂತಿ ಸನ್ನಿ ಇರಬಹುದು. ಅದು ಅಂದೇ ಆಸ್ಪತ್ರೆಗೆ ಒಯ್ಯಬೇಕಾದ ತುರ್ತು ಪರಿಸ್ಥಿತಿ. ಮೂರ್ಛೆ ರೋಗದಲ್ಲಿ ಕೈಕಾಲು ಸೆಳೆಯದೆಯೂ ಕೆಲವು ನಿಮಿಷ ಬೇರೆಯವರಂತೆ ವರ್ತಿಸುವುದುಂಟು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಇಳಿದು ಬೆವರುತ್ತಾ ಗೊಂದಲದ ಮಾತಾಡುತ್ತಾರೆ. ರಮಝಾನಿನಲ್ಲಿ ಇದನ್ನು ವಿಶೇಷವಾಗಿ ನೆನಪಿಡಿ. ಥೈರಾಯ್ಡ್ ತೊಂದರೆ, ತಲೆಗೆ ಬಿದ್ದ ಪೆಟ್ಟು, ಜ್ವರ ಮಿದುಳಿಗೇರುವುದು ಎಲ್ಲವನ್ನೂ ಪರೀಕ್ಷೆ ಮಾಡಿಯೇ ತಿಳಿಯಬೇಕು. ಮನೆಯ ಅಂಗಳದಲ್ಲಿ ನಿಂತು ಯಾರೂ ತೀರ್ಪು ಕೊಡಲಾಗದು.

‘ಅಸರ್’ ಎನ್ನುವವರಿಗೆ

‘ಹಕೀಮರೇ, ಜಿನ್ನ್ ಇರುವುದನ್ನು ನೀವು ನಂಬುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ನಂಬುತ್ತೇನೆ, ಅದು ನಮ್ಮ ವಿಶ್ವಾಸದ ಭಾಗ. ಆದರೆ ಕಣ್ಣೆದುರಿನ ಈ ಹೆಣ್ಣುಮಗಳ ಕಷ್ಟಕ್ಕೆ ಜಿನ್ನೇ ಕಾರಣವೆಂದು ಒಂದೇ ನೋಟಕ್ಕೆ ಹೇಳಿಬಿಡುವ ಅಧಿಕಾರವನ್ನು ಆ ವಿಶ್ವಾಸ ಯಾರಿಗೂ ಕೊಟ್ಟಿಲ್ಲ. ಕಾಯಿಲೆ ಬಂದಾಗ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದವರು ಪ್ರವಾದಿವರ್ಯರೇ(ಸ). ದುಆ ಮಾಡಿ, ಕುರ್‌ಆನ್ ಓದಿ ದಮ್ ಮಾಡಿ. ಅದರಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೆ, ಯಾವ ವೈದ್ಯನೂ ಬೇಡವೆನ್ನುವುದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ ಮತ್ತು ದುಆ’ ಎಂಬ ಕಾರ್ಯಕ್ರಮವಿದೆ. ಅಲ್ಲಿನ ಮುಜಾವರರೇ ಬಂದ ರೋಗಿಗಳನ್ನು ಮನೋವೈದ್ಯರತ್ತ ಕಳುಹಿಸುತ್ತಾರೆ. ನಮ್ಮ ಕಡೆಯ ಆಲಿಮರೂ ಇಮಾಮರೂ ಇದನ್ನು ಮಾಡಬಲ್ಲರು.

ನನ್ನ ಆಕ್ಷೇಪ ಇರುವುದು ವಿಚಾರಣೆಯ ಬಗ್ಗೆ. ‘ನೀನು ಯಾರು? ಯಾವ ಊರು? ಎಷ್ಟು ಜನ ಬಂದಿದ್ದೀರಿ? ಯಾವಾಗ ಬಿಟ್ಟು ಹೋಗುತ್ತೀ?’ ಎಂದು ಗಂಟೆಗಟ್ಟಲೆ ಕೇಳುವುದರಿಂದ ಒಡೆದ ಮನಸ್ಸಿನ ತುಂಡಿಗೆ ಒಂದು ಹೆಸರು, ಒಂದು ಊರು, ಒಂದು ಕಥೆ ಸಿಗುತ್ತದೆ. ಮುಂದಿನ ಸಲ ಅದು ಇನ್ನಷ್ಟು ಗಟ್ಟಿಯಾಗಿ ಬರುತ್ತದೆ. ಜೋಡಿಸಬೇಕಾದದ್ದನ್ನು ನಾವೇ ಇನ್ನಷ್ಟು ಒಡೆದಂತಾಗುತ್ತದೆ.

ಇನ್ನು ಹೊಗೆಯ ಮಾತು. ಬ್ಯಾಡಗಿ ಮೆಣಸಿನಕಾಯಿಯ ನಾಡು ನಮ್ಮದು. ತೊಟ್ಟು ಬಿಡಿಸುವ ಹೆಂಗಸರಿಗೆ ಅದರ ಘಾಟು ಕಣ್ಣಿಗೆ, ಗಂಟಲಿಗೆ ಏನು ಮಾಡುತ್ತದೆಂದು ಗೊತ್ತು. ಅದೇ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿ, ಕೋಣೆಯ ಬಾಗಿಲು ಮುಚ್ಚಿ, ಹೆಂಗಸಿನ ಮುಖ ಹಿಡಿದು ಹೊಗೆ ಕೊಡುವುದು ಚಿಕಿತ್ಸೆಯಲ್ಲ. ಉಸಿರಾಟದ ನಾಳ ಬಿಗಿದು ಜೀವಕ್ಕೇ ಅಪಾಯವಾಗಬಹುದು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದಲ್ಲಿ 2020ರಿಂದ ಜಾರಿಯಲ್ಲಿರುವ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನೆ ಕಾಯಿದೆಯಡಿ ಅಪರಾಧ. ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಪೂರ್ಣವಾಗಿ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ 28 ಮಂದಿ ಸತ್ತರು. ದರ್ಗಾದಲ್ಲಿ ಗುಣವಾಗುತ್ತದೆಂಬ ನಂಬಿಕೆಯಿಂದ ಮನೆಯವರೇ ಕರೆತಂದು ಬಿಟ್ಟಿದ್ದ ರೋಗಿಗಳು ಅವರು.

ಹಗ್ಗಕ್ಕಿಂತ ಈಗ ಹೆಚ್ಚಾಗಿರುವುದು ಮೊಬೈಲ್. ತಾಯಿಯ ಮೈಮೇಲೆ ಬಂದಾಗ ವಿಡಿಯೋ ಮಾಡಿ ನೆಂಟರ ಗುಂಪಿಗೆ ಹಾಕುತ್ತಾರೆ. ಸಂಜೆಯೊಳಗೆ ಅದು ಶಾಲೆಯ ಹುಡುಗರ ಕೈಯಲ್ಲಿರುತ್ತದೆ. ಮೂರ್ಛೆ ಬಂದು ಬೀಳುತ್ತಿದ್ದ ಸ್ತ್ರೀಯೊಬ್ಬರು ಪ್ರವಾದಿವರ್ಯರ(ಸ) ಬಳಿ ಬಂದ ಪ್ರಸಂಗ ಹದೀಸ್‌ನಲ್ಲಿದೆ. ಕಾಯಿಲೆಯನ್ನು ಸಹಿಸುತ್ತೇನೆ, ಆದರೆ ಬಿದ್ದಾಗ ಮೈಮೇಲಿನ ಬಟ್ಟೆ ಸರಿಯದಂತೆ ದುಆ ಮಾಡಿರಿ ಎಂದು ಆಕೆ ಬೇಡಿಕೊಂಡರು. ಅವರು ಹಾಗೆಯೇ ದುಆ ಮಾಡಿದರು. ರೋಗಿಗೆ ತನ್ನ ಮಾನ ಎಷ್ಟು ಮುಖ್ಯವೆಂದು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ವೈದ್ಯರಿಗೆ ತೋರಿಸಲು ವಿಡಿಯೋ ಬೇಕಾದರೆ ಒಬ್ಬರ ಫೋನಿನಲ್ಲಿರಲಿ, ತೋರಿಸಿದ ಮೇಲೆ ಅಳಿಸಿಬಿಡಿ.

ಮಕ್ಕಳ ಪಾಡು

ಇಂತಹ ಮನೆಯ ಮಗು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಒಳಗಿನ ಸದ್ದು ಕೇಳಿಸಿಕೊಳ್ಳುತ್ತದೆ. ಇಂದು ಯಾವ ಅಮ್ಮಿ ಇದ್ದಾರೆ ಎಂದು ಪಾತ್ರೆಯ ಸದ್ದಿನಲ್ಲೇ ಅಳೆಯುತ್ತದೆ. ನಿನ್ನೆ ಕೊಡಿಸುತ್ತೇನೆಂದ ಅಮ್ಮಿ ಇಂದು ‘ನಾನು ಹೇಳಲೇ ಇಲ್ಲ’ ಎನ್ನುತ್ತಾರೆ. ಮಗು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತದೆ: ಅಮ್ಮಿ ಸುಳ್ಳು ಹೇಳುತ್ತಾರೆ, ಇಲ್ಲವೇ ನನ್ನ ತಲೆಯೇ ಸರಿಯಿಲ್ಲ. ಇವೆರಡೂ ತಪ್ಪು ಎಂದು ಹೇಳುವ ದೊಡ್ಡವರು ಆ ಮನೆಯಲ್ಲಿ ಇರುವುದಿಲ್ಲ.

ಹಿರಿಯ ಮಗಳ ಕಥೆ ಇನ್ನೂ ಕಷ್ಟ. ಅಬ್ಬಾ ಕೆಲಸಕ್ಕೆ ಹೋಗಬೇಕು, ದಾದಿಗೆ ಕಣ್ಣು ಕಾಣದು, ಆದ್ದರಿಂದ ‘ನೀನೇ ಅಮ್ಮಿಯನ್ನು ನೋಡಿಕೋ’ ಎಂದು ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯನ್ನು ಶಾಲೆ ಬಿಡಿಸುತ್ತಾರೆ. ರೊಟ್ಟಿ ಬಡಿಯುವುದು, ತಮ್ಮ ತಂಗಿಯರನ್ನು ಸಂಭಾಳಿಸುವುದು, ಅಮ್ಮಿ ಮನೆಯಿಂದ ಹೊರಗೆ ಹೋಗದಂತೆ ಕಾಯುವುದು ಅವಳ ಪಾಲು. ದಯವಿಟ್ಟು ಇದನ್ನು ಮಾಡಬೇಡಿ. ತಾಯಿಗೆ ಕಾವಲು ಬೇಕಾದರೆ ದೊಡ್ಡವರು ಪಾಳಿ ಹಾಕಿಕೊಳ್ಳಿ. ಖಾಲಾ, ಮಾಮು, ಚಾಚಿ ಯಾರಿದ್ದಾರೆ ಎಂದು ಹುಡುಕಿ.

ಮಕ್ಕಳಿಗೆ ಏನು ಹೇಳಬೇಕು? ಸರಳವಾಗಿ ಹೀಗೆ ಹೇಳಿ: ‘ಅಮ್ಮಿಗೆ ಮನಸ್ಸಿನ ಕಾಯಿಲೆ ಇದೆ. ಅದು ಬಂದಾಗ ಅಮ್ಮಿ ಬೇರೆಯವರಂತೆ ಮಾತಾಡುತ್ತಾರೆ, ಆಮೇಲೆ ಅವರಿಗೆ ನೆನಪಿರುವುದಿಲ್ಲ. ಇದು ನಿನ್ನಿಂದ ಬಂದದ್ದಲ್ಲ. ಅವರು ನಿನ್ನ ಅಮ್ಮಿಯೇ. ಭಯವಾದರೆ ತಕ್ಷಣ ಇವರ ಮನೆಗೆ ಹೋಗು, ಇವರಿಗೆ ಫೋನ್ ಮಾಡು.’ ಆ ‘ಇವರು’ ಯಾರೆಂದು ಮೊದಲೇ ಗೊತ್ತು ಮಾಡಿ, ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ‘ಅಮ್ಮಿಯೊಳಗೆ ಶೈತಾನ್ ಬಂದಿದೆ’ ಎಂದು ಮಗುವಿಗೆ ಎಂದೂ ಹೇಳಬೇಡಿ. ರಾತ್ರಿ ಅದು ಮಲಗಬೇಕಾಗಿರುವುದು ಅದೇ ಅಮ್ಮಿಯ ಪಕ್ಕದಲ್ಲಿ.

ಶಾಲೆಯಲ್ಲಿ ಒಬ್ಬ ನಂಬಿಕಸ್ಥ ಟೀಚರಿಗೆ ವಿಷಯ ತಿಳಿದಿರಲಿ. ಮಗು ಹಾಸಿಗೆಯಲ್ಲಿ ಮತ್ತೆ ಮೂತ್ರ ಮಾಡತೊಡಗಿದರೆ, ಓದಿನಲ್ಲಿ ಒಮ್ಮೆಲೇ ಹಿಂದೆ ಬಿದ್ದರೆ, ಮಾತು ಬಿಟ್ಟರೆ ಅದನ್ನೂ ವೈದ್ಯರಿಗೆ ತೋರಿಸಿ. ತಾಯಿಯಿಂದ ಮಗುವಿಗೆ ಪೆಟ್ಟಾಗುವ ಅಪಾಯವಿದ್ದರೆ ಸ್ವಲ್ಪ ಕಾಲ ಹತ್ತಿರದ ನೆಂಟರ ಮನೆಯಲ್ಲಿಡಿ. ಆದರೆ ಅಮ್ಮಿಯನ್ನು ಭೇಟಿ ಮಾಡಿಸುತ್ತಿರಿ. ಬೇರೆ ದಾರಿಯೇ ಇಲ್ಲವೆನಿಸಿದಾಗ ಮಕ್ಕಳ ಸಹಾಯವಾಣಿ 1098 ಇದೆ.

ಗಂಡನಿಗೆ ಮತ್ತು ಹಿರಿಯರಿಗೆ

ಆಕೆ ಬದಲಾದಾಗ ಏನು ಮಾಡಬೇಕು? ದನಿ ಏರಿಸಬೇಡಿ. ಕೈ ಹಿಡಿದು ಜಗ್ಗಬೇಡಿ, ಎಷ್ಟೋ ಸಲ ಹಳೆಯ ಹಿಂಸೆಯ ನೆನಪೇ ಅವಳನ್ನು ಅಲ್ಲಿಗೆ ಒಯ್ದಿರುತ್ತದೆ. ಸ್ವಲ್ಪ ದೂರ ಕುಳಿತು ಮೆಲ್ಲಗೆ ಹೇಳಿ: ‘ಇದು ನಮ್ಮ ಮನೆ, ಇಂದು ಶುಕ್ರವಾರ, ನಾನು ಇಲ್ಲೇ ಇದ್ದೇನೆ, ಯಾರೂ ಏನೂ ಮಾಡುವುದಿಲ್ಲ.’ ಕುಡಿಯಲು ತಣ್ಣೀರು ಕೊಡಿ, ಕೈಮುಖ ತೊಳೆಯಲು ಹೇಳಿ. ಒಲೆ, ಚಾಕು, ಬಾವಿ, ಹೊಲದ ಔಷಧಿ ಅವಳಿಂದ ದೂರವಿರಲಿ. ಈ ಕಾಯಿಲೆಯಲ್ಲಿ ಇತರರಿಗಿಂತ ತನಗೇ ಹಾನಿ ಮಾಡಿಕೊಳ್ಳುವ ಅಪಾಯ ಹೆಚ್ಚು. ‘ಸಾಯುತ್ತೇನೆ’ ಎಂಬ ಮಾತು ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅವಳಲ್ಲಿ ಒಳ್ಳೆಯವಳು, ಕೆಟ್ಟವಳು ಎಂದು ಭಾಗ ಮಾಡಬೇಡಿ. ‘ನೀನು ಹೋಗು, ನನ್ನ ಸೊಸೆಯನ್ನು ಕಳಿಸು’ ಎಂದು ಅತ್ತೆ ಕೂಗುವುದರಿಂದ ಪ್ರಯೋಜನವಿಲ್ಲ. ಕೋಪಿಸಿಕೊಂಡವಳೂ, ಹೆದರಿದವಳೂ, ಮಗುವಿನಂತೆ ಅಳುವವಳೂ ಒಬ್ಬಳೇ. ಚಿಕಿತ್ಸೆಯ ಗುರಿಯೂ ಅವರನ್ನೆಲ್ಲ ಒಂದು ಮಾಡುವುದೇ. ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು ದಿನದ ವಿಷಯ ಬರೆಯಿರಿ: ಯಾರಿಗೆ ದುಡ್ಡು ಕೊಟ್ಟದ್ದು, ಮಗುವಿಗೆ ಕೊಟ್ಟ ಮಾತು, ಮಾತ್ರೆ ನುಂಗಿದ ಹೊತ್ತು. ನೆನಪಿನ ಕಂದಕಕ್ಕೆ ಅದು ಸೇತುವೆಯಾಗುತ್ತದೆ, ದಿನದ ಅರ್ಧ ಜಗಳ ಕಡಿಮೆಯಾಗುತ್ತದೆ.

ಅನೇಕರು ಮುಚ್ಚಿಡುವುದು ಹೆಣ್ಣುಮಕ್ಕಳ ರಿಶ್ತಾದ ಭಯದಿಂದ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಇದು ಬಹುಪಾಲು ಬಾಲ್ಯದ ಗಾಯದಿಂದ ಬರುವ ಕಾಯಿಲೆ, ತಾಯಿಗಿದ್ದರೆ ಮಗಳಿಗೂ ಬಂದೇ ಬರುತ್ತದೆಂಬುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ಹೆದರಿಕೊಂಡು ಬೆಳೆದ ಮಗಳ ಮನಸ್ಸಿಗೆ ಆಗುವ ಗಾಯವೇ ಅವಳ ಮುಂದಿನ ಸಂಸಾರಕ್ಕೆ ನಿಜವಾದ ತೊಡಕು. ಇನ್ನೊಂದು ಮಾತು: ಬೀವಿಯನ್ನು ತವರಿಗೆ ಕಳಿಸಿ ಕೈತೊಳೆದುಕೊಳ್ಳುವುದು ಪರಿಹಾರವಲ್ಲ. ಆ ಗಾಯ ಕೆಲವೊಮ್ಮೆ ಆದದ್ದೇ ಆ ತವರಿನಲ್ಲಿ. ಕಳಿಸುವ ಮೊದಲು ಅವಳನ್ನು ಒಮ್ಮೆ ಏಕಾಂತದಲ್ಲಿ ಕೇಳಿ.

ಯುನಾನಿಯಲ್ಲಿ ಏನಿದೆ?

‘ಒಂದು ಒಳ್ಳೆಯ ಮಾಜೂನ್ ಕೊಡಿ’ ಎಂದು ಕೇಳುತ್ತಾರೆ. ಒಡೆದ ವ್ಯಕ್ತಿತ್ವವನ್ನು ಜೋಡಿಸುವ ಮಾಜೂನ್ ಆಗಲಿ, ಖಮೀರಾ ಆಗಲಿ ಇಲ್ಲ. ಅಲೋಪತಿಯಲ್ಲೂ ಇದಕ್ಕೆಂದೇ ಮಾತ್ರೆಯಿಲ್ಲ. ಅಲ್ಲಿನ ಮಾತ್ರೆಗಳು ಜೊತೆಗಿರುವ ಖಿನ್ನತೆ, ನಿದ್ರಾಹೀನತೆ, ಆತಂಕಕ್ಕೆ. ಮುಖ್ಯ ಚಿಕಿತ್ಸೆ ತರಬೇತಿ ಪಡೆದವರೊಡನೆ ನಡೆಯುವ ಮಾತಿನ ಚಿಕಿತ್ಸೆ. ಮೊದಲು ಸುರಕ್ಷತೆ ಮತ್ತು ಸ್ಥಿರತೆ, ನಂತರ ನಿಧಾನವಾಗಿ ಹಳೆಯ ಗಾಯದ ಮಾತು, ಕೊನೆಗೆ ಒಂದಾಗುವುದು. ಇದಕ್ಕೆ ವರ್ಷಗಳೇ ಬೇಕಾಗಬಹುದು.

ಹಾಗೆಂದು ನಮ್ಮ ಪದ್ಧತಿ ಕೈಕಟ್ಟಿ ಕೂತಿಲ್ಲ. ಗಾಳಿ, ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ತಡೆ, ಈ ಆರನ್ನು ಯುನಾನಿ ‘ಅಸ್ಬಾಬೆ ಸಿತ್ತಾ ಜರೂರಿಯಾ’ ಎಂದು ಆರೋಗ್ಯದ ಆಧಾರವಾಗಿ ಎಣಿಸುತ್ತದೆ. ಮನಸ್ಸಿನ ಸ್ಥಿತಿಯೂ ಅದರಲ್ಲಿ ಒಂದೆಂಬುದನ್ನು ಗಮನಿಸಿ. ಹತ್ತನೇ ಶತಮಾನದಲ್ಲೇ ಅಬೂ ಝೈದ್ ಅಲ್-ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಚರ್ಚಿಸಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಜಾಗವಿತ್ತು. ಇಂತಹ ರೋಗಿಗೆ ನಿಗದಿತ ಹೊತ್ತಿನ ನಿದ್ದೆ, ತಪ್ಪದ ಊಟ, ಬೆಳಗಿನ ನಡಿಗೆ, ಚಹಾ ಕಾಫಿ ಮಿತಿ ಇವು ನಿಜವಾಗಿ ನೆರವಾಗುತ್ತವೆ. ನಿದ್ದೆಗೆಟ್ಟ ಮರುದಿನ ಬದಲಾವಣೆ ಹೆಚ್ಚಾಗುವುದನ್ನು ಮನೆಯವರೇ ಗಮನಿಸಿರುತ್ತಾರೆ. ಯುನಾನಿ ಔಷಧಿ ತೆಗೆದುಕೊಳ್ಳುವುದಾದರೆ ಮನೋವೈದ್ಯರಿಗೆ ತಿಳಿಸಿ, ಅವರ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಖಮೀರಾಗಳಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಮಧುಮೇಹಿಗಳು ಎಚ್ಚರವಹಿಸಬೇಕು.

ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆ ಒಂದು ಫೋನ್ ಕರೆ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆ ನಮ್ಮ ಊರುಗಳಲ್ಲಿ ಇನ್ನೂ ಎಷ್ಟೋ ಜನರಿಗೆ ಗೊತ್ತಿಲ್ಲ. ಹಾವೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಕಾರ್ಯಕ್ರಮಕ್ಕೆ ಮನೋವೈದ್ಯರು ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ರಾಣೆಬೆನ್ನೂರು, ಬ್ಯಾಡಗಿ ಎರಡೂ ಹುಬ್ಬಳ್ಳಿಯ ರೈಲು ದಾರಿಯಲ್ಲೇ ಇವೆ. ಇನ್ನೂ ಮುಂದಕ್ಕೆ ಬೆಂಗಳೂರಿನ ನಿಮ್ಹಾನ್ಸ್. ಹಸುಗೂಸಿನ ತಾಯಂದಿರನ್ನು ಮಗುವಿನೊಡನೆಯೇ ದಾಖಲು ಮಾಡಿಕೊಳ್ಳುವ ತಾಯಿ-ಮಗು ವಿಭಾಗ ಅಲ್ಲಿದೆ. ಮಾನಸಿಕ ಆಸ್ಪತ್ರೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂಬುದು 2017ರ ಕಾಯಿದೆಯ ಮಾತು. ಅವಳ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದೂ ಅದರಲ್ಲೇ ಇದೆ. ಹೋಗುವಾಗ ಆ ನೋಟ್‌ಬುಕ್, ಹಳೆಯ ಚೀಟಿಗಳು ಜೊತೆಗಿರಲಿ. ರೋಗಿಗೆ ವೈದ್ಯರೊಡನೆ ಒಬ್ಬಳೇ ಮಾತಾಡಲು ಅವಕಾಶ ಕೊಡಿ.

ಕೊನೆಗೆ ನಮ್ಮ ಮಸೀದಿ ಕಮಿಟಿಗಳಲ್ಲಿ ಒಂದು ವಿನಂತಿ. ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ 14416 ಮತ್ತು 1098 ಈ ಎರಡು ನಂಬರುಗಳನ್ನು ಬರೆಸಿ. ಜುಮಾ ದಿನ ಖತೀಬರು ಎರಡು ನಿಮಿಷ ಈ ವಿಷಯ ಪ್ರಸ್ತಾಪಿಸಲಿ. ಸಹೋದರಿಯರೇ, ನಿಮ್ಮ ಓಣಿಯಲ್ಲಿ ಇಂತಹ ಮನೆಯಿದ್ದರೆ ತಾಯಿಗೆ ಏನಾಗಿದೆ ಎಂದು ಕೆದಕಬೇಡಿ. ಅವಳ ಮಕ್ಕಳನ್ನು ಕರೆದು ಊಟಕ್ಕೆ ಕೂರಿಸಿ, ಶಾಲೆಯ ಪಾಠ ಕೇಳಿ, ಸಂಜೆ ನಿಮ್ಮ ಮಕ್ಕಳೊಡನೆ ಆಡಲು ಬಿಡಿ. ಅಲ್ಲಾಹನು ಆ ತಾಯಂದಿರಿಗೆ ಶಿಫಾ ಕರುಣಿಸಲಿ, ಆ ಮಕ್ಕಳಿಗೆ ನೆಮ್ಮದಿಯ ನಿದ್ದೆ ಕೊಡಲಿ. ಆಮೀನ್.